ಮುಳುಗಿದ ಹಡಗಿನ ಅಪಶಕುನ

ದ್ವೀಪಕ್ಕೆ ಬಂದಿಳಿದ ದಿನವೇ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

"ಡೈವಿಂಗ್ ಮಾಡೋದಾದರೆ ದಂಡೆಯ ಹತ್ತಿರವೇ ಮಾಡಿ. ಮೀನು, ಹವಳ ಎಲ್ಲ ಅಲ್ಲೇ ಕಾಣುತ್ತಂತೆ. ಮದುವೆಯ ಅರಿಶಿನ ಇನ್ನೂ ಆರಿಲ್ಲ, ಯಾರಾದರೂ ಮುಳುಗಿದ ಹಡಗು ನೋಡೋಕೆ ಹೋಗ್ತಾರಾ? ಅಪಶಕುನ."

ಶ್ರೀಕರನಿಗೆ ಆ ಹಡಗಿನ ಮೇಲೇ ಕಣ್ಣು. ಅದಕ್ಕೆಂದೇ ಊರಿನ ಈಜುಕೊಳದಲ್ಲಿ ಡೈವಿಂಗ್ ಕಲಿತು ಬಂದಿದ್ದ. ಹೆಂಡತಿಯ ಮುಖ ನೋಡಿದ. "ಅಮ್ಮ ಹೇಳಿದ ಮೇಲೆ ಮುಗೀತು" ಎಂದು ಅವಳು ಕೈ ಚೆಲ್ಲಿದಳು.

ಎರಡು ದಿನ ಅವನು ಒಳ್ಳೆಯ ಅಳಿಯನಂತೆ ದಂಡೆಯಲ್ಲೇ ಮುಳುಗಿ ಎದ್ದ. ಮರುದಿನ ತಿಂಡಿ ತಿನ್ನುವಾಗ ಮುಖ ಸಪ್ಪೆ ಮಾಡಿಕೊಂಡು, "ಆಫೀಸಿನವರು ಬಿಡ್ತಾ ಇಲ್ಲ ಅತ್ತೆ. ಮಧ್ಯಾಹ್ನದವರೆಗೆ ಮೀಟಿಂಗ್. ಪೇಟೆಯಲ್ಲಿ ನೆಟ್‌ವರ್ಕ್ ಚೆನ್ನಾಗಿದೆ, ಅಲ್ಲೇ ಕೂತು ಮುಗಿಸಿ ಬರ್ತೇನೆ" ಎಂದ.

"ಪಾಪ, ಹೋಗಿ ಬನ್ನಿ" ಎಂದರು ಅತ್ತೆ. "ನನಗೂ ಮಂಡಿನೋವು. ರೂಮಿನಲ್ಲೇ ಮಲಗಿರ್ತೇನೆ."

ಹಡಗು ಅವನು ಕನಸು ಕಂಡದ್ದಕ್ಕಿಂತ ಚೆನ್ನಾಗಿತ್ತು. ಅದರ ಕಿಟಕಿಯೊಂದರಿಂದ ಹಳದಿ ಮೀನುಗಳು ಮದುವೆ ದಿಬ್ಬಣದ ಹಾಗೆ ಸಾಲಾಗಿ ಹೊರಬಂದವು. ಬೇರೆ ದೋಣಿಯಲ್ಲಿ ಬಂದಿದ್ದವರೊಬ್ಬರು ಗೈಡ್‌ನ ಕೈ ಹಿಡಿದು ಹಡಗಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಶ್ರೀಕರ ಖುಷಿಗೆ ಅವರತ್ತ ಕೈ ಬೀಸಿದ. ಅವರು ಬೀಸಲಿಲ್ಲ, ಅವನನ್ನೇ ನೋಡುತ್ತ ನಿಂತರು.

ಅವನು ನೀರಿನಿಂದ ಮೇಲೆ ಬಂದಾಗ ಅವರೂ ಪಕ್ಕದಲ್ಲೇ ತೇಲಿದರು. ಮುಖಕ್ಕೆ ಹಾಕಿದ್ದ ಮಾಸ್ಕ್ ಹಣೆಗೇರಿಸಿ, ಬಾಯಿಯ ಕೊಳವೆ ತೆಗೆದು ಕೇಳಿದರು:

"ಏನು ಅಳಿಯಂದ್ರೇ, ನಿಮ್ಮ ಆಫೀಸು ಇಲ್ಲೇ ಏನು?"