ಗೆರೆಯ ಮುಂದಿನ ಹೆಸರು

ರೊಟ್ಟಿ ದಪ್ಪವಾಗಿದೆ ಎಂದು ಶುರುವಾದ ಜಗಳ ತವರಿನವರೆಗೆ ಹೋಯಿತು. ಚನಬಸಪ್ಪ ಹೆಂಡತಿ ಮಹಾನಂದಾಳ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿ, ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಅಲೆಯಂಥ ಒಂದು ಗೆರೆ ಎಳೆದ. ಗದಗಿನಲ್ಲಿ ಈಗ ಯಾರೂ ವಿಳಾಸ ಬರೆಯುವುದಿಲ್ಲ. ಆ ಗೆರೆ ಎಂದರೆ ಮನೆ, ಅಷ್ಟೇ; ಎಳೆದರೆ ಸಾಮಾನು ತಾನೇ ಹಾರಿ ಹೋಗುತ್ತದೆ.

"ಇದರ ಹಿಂದ ನೀನೂ ನಿಮ್ಮವ್ವನ ಮನಿಗೆ ನಡಿ!" ಎಂದ.

ಟ್ರಂಕು ಕಿಟಕಿಯಿಂದ ಹಾರಿ, ಓಣಿಯ ಮೇಲೊಂದು ಸುತ್ತು ಹಾಕಿ, ಅವನ ಕಾಲ ಬಳಿಯೇ ಬಂದು ಕೂತಿತು. ಅಳಿಸಿ ಮತ್ತೆ ಎಳೆದ. ಮತ್ತೆ ಬಂತು.

ಮಹಾನಂದಾ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಬರೇ ಗೆರಿ ಎಳದ್ರ ಎಳದವರ ಮನಿಗೇ ಬರತೈತ್ರಿ. ಬ್ಯಾರೇದವರ ಮನಿಗೆ ಹೋಗಬೇಕಂದ್ರ ಗೆರಿ ಮುಂದ ಅವರ ಹೆಸರು ಬರೀಬೇಕು."

"ಅಷ್ಟು ಗೊತ್ತೈತಿ ನನಗ," ಎಂದು ಸೀಮೆಸುಣ್ಣ ಊರಿದವನ ಕೈ ಅಲ್ಲೇ ನಿಂತಿತು. ಹನ್ನೊಂದು ವರ್ಷ ಅತ್ತೆಯ ಕೈಯಿಂದ ಹೋಳಿಗೆ ಉಂಡುಬಂದರೂ ಅವನು ಆಕೆಯನ್ನು ಕರೆದದ್ದು 'ಅತ್ತಿ' ಎಂದಷ್ಟೇ.

"ಏ... ನಿಮ್ಮವ್ವನ ಹೆಸರೇನ?" ಮೆಲ್ಲಗೆ ಕೇಳಿದ.

ಮೊದಲಿನಷ್ಟೇ ದಪ್ಪದ ಬಿಸಿ ರೊಟ್ಟಿಯೊಂದನ್ನು ಮಹಾನಂದಾ ಅವನ ತಾಟಿಗೆ ಹಾಕಿದಳು.

"ಹೇಳಂಗಿಲ್ರಿ. ಹೇಳಿದ್ರ ನಾ ಹೋಗಬೇಕಾಗತೈತಿ."