ಬೈಗುಳಕ್ಕೆ ಇಟ್ಟ ಗಾಳಿ

ಗಾಳಿಗೂ ಮೀಟರು ಬಂದ ಮೇಲೆ ಹುಬ್ಬಳ್ಳಿಯಲ್ಲಿ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತದೆ. ಕೂಗಿದರೆ ಕೊರಳಿನ ಮೀಟರು ಓಡುತ್ತದೆ. ಸೂಲಗಿತ್ತಿ ನೀಲವ್ವನ ಹಳೇ ಮೊಪೆಡ್ಡಿಗೆ ಗಾಳಿ ಸಾಲಲೆಂದು ಮೆಕ್ಯಾನಿಕ್ ಹಲೀಮಾ ಕಾರ್ಬುರೇಟರಿನ ಗಾಳಿ ಸ್ಕ್ರೂ ಎರಡು ಸುತ್ತು ಬಿಚ್ಚಿದ್ದಳು. ಗಾಳಿ ಇನ್‌ಸ್ಪೆಕ್ಟರ್ ಬಂದು ಒಂದು ಸುತ್ತು ಬಿಗಿದ. ಎಂಜಿನ್ ನಿಂತಿತು.

"ಗಾಡಿಗೆ ಒಂದ ಸುತ್ತು ರೀ. ಹೆಚ್ಚಿಗಿ ಬೇಕಂದ್ರ ನಿಮ್ಮ ಪಾಲಿಂದ ಕೊಡ್ರಿ."

"ಬಸುರಿಗೆ ನೋವು ಶುರುವಾಗ್ಯಾವ್ರೀ," ನೀಲವ್ವ ಪಿಸುಗುಟ್ಟಿದಳು.

ಇನ್‌ಸ್ಪೆಕ್ಟರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಇವನನ್ನು ಒಮ್ಮೆ ಬಾಯ್ತುಂಬ ಬೈಯಲೆಂದೇ ಹಲೀಮಾ ತಿಂಗಳಿಂದ ತನ್ನ ಪಾಲಿನ ಉಸಿರು ಉಳಿಸಿದ್ದಳು. ಹಲ್ಲು ಕಚ್ಚಿ, ತನ್ನ ಕೊರಳಿನ ಮೀಟರನ್ನು ಅವನ ಮುಖಕ್ಕೆ ಹಿಡಿದಳು.

"ನಿನಗಂತ ಇಟ್ಟಿದ್ದೆ. ಗಾಡಿಗೆ ಬರ್ಕೋ."

ಸ್ಕ್ರೂ ಮತ್ತೆ ಬಿಚ್ಚಿದಳು. ನೀಲವ್ವನನ್ನು ಹೊತ್ತ ಮೊಪೆಡ್ಡು ಓಣಿಯುದ್ದಕ್ಕೂ ಹಲೀಮಾಳ ಪರವಾಗಿ ಕೂಗುತ್ತ ಹೋಯಿತು.