ಮಹಡಿ ಮೇಲಿನ ಪರದೇಶ

ಭಾನುವಾರ ತಿಂಡಿ ಮುಗಿಸಿ, ಗಂಡ, ಮಗಳು, ಅತ್ತೆ ಮೂವರಿಗೂ ಹೋಗಿಬರುತ್ತೇನೆಂದು ಹೇಳಿ, ನರ್ಸಮ್ಮ ಸೂಟ್‌ಕೇಸ್ ಎತ್ತಿಕೊಂಡು ಪರದೇಶಕ್ಕೆ ಹೊರಟಳು. ಪರದೇಶ ಇದ್ದದ್ದು ಮಹಡಿಯ ಮೇಲೆ. ಒಣಗಿದ ಬಟ್ಟೆ ರಾಶಿ ಹಾಕುವ ಕೋಣೆ, ಪಕ್ಕದಲ್ಲೇ ಬಚ್ಚಲು. ಬಾಗಿಲು ಹಾಕಿಕೊಂಡು ಕೆಳಗೆ ಫೋನ್ ಮಾಡಿ, ಸುಖವಾಗಿ ತಲುಪಿದೆ ಅಂದಳು.

ಇದು ಅವಳದೇ ಬುದ್ಧಿ. ಆಸ್ಪತ್ರೆಯಲ್ಲಿ ಬೆಂಕಿ ಬೀಳುವ ಮೊದಲೇ, ಬಿದ್ದೇ ಬಿಟ್ಟಿತೆಂಬಂತೆ ಎಲ್ಲರನ್ನೂ ಓಡಾಡಿಸಿ ಡ್ರಿಲ್ ಮಾಡಿಸುತ್ತಾರೆ. ಅದರಲ್ಲಿ ಪಳಗಿದ ಕೈ ಅವಳದು. ಮುಂದಿನ ತಿಂಗಳು ಸಮುದ್ರದಾಚೆಯ ಆಸ್ಪತ್ರೆಯೊಂದಕ್ಕೆ ಎರಡು ವರ್ಷದ ಕೆಲಸಕ್ಕೆ ಹೊರಡಬೇಕು. ತಾನಿಲ್ಲದೆ ಮನೆ ನಡೆಯುವುದನ್ನು ಕಣ್ಣಾರೆ ನೋಡದೆ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಳು. ಒಂದು ವಾರ ಅವಳು ಕೆಳಗೆ ಇಳಿಯಕೂಡದು, ಉಳಿದವರು ಮೇಲೆ ಹತ್ತಕೂಡದು, ಏನಿದ್ದರೂ ಫೋನಿನಲ್ಲೇ. ಯಾರಾದರೂ ಒಂದು ಸಲ ಬಾ ಅಂದರೂ ಸಾಕು, ಟಿಕೆಟ್ ರದ್ದು, ಸೂಟ್‌ಕೇಸ್ ಅಟ್ಟಕ್ಕೆ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ ಅಂದರು ಅತ್ತೆ. ಅಲ್ಲಿ ಹೊಟ್ಟೆಗೇನು ಮಾಡುತ್ತಾಳಂತೆ ಎಂದೂ ವಿಚಾರಿಸಿದರು. ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಂಡು ಹೋಗಿದ್ದಾಳೆ ಅಂದ ಮಗ. "ಪಾಪ, ಬಡವರ ದೇಶ," ಅಂದರು ಅತ್ತೆ.

ಇಡೀ ಮನೆಯಲ್ಲಿ ಡ್ರಿಲ್ಲನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವಳು ಎಂಟು ವರ್ಷದ ಮಗಳು. ಕುಂಟೆಬಿಲ್ಲೆಯಲ್ಲೂ ಕಾನೂನು ತೆಗೆಯುವ ಅವಳನ್ನು ಅಜ್ಜಿ ಕರೆಯುವುದೇ ಲಾಯರಮ್ಮ ಎಂದು. ಆ ದೇಶದ ಭಾಷೆಯ ಪರೀಕ್ಷೆಯಲ್ಲಿ ಅಮ್ಮ ಎರಡು ಸಲ ಡುಮ್ಕಿ ಹೊಡೆದಿದ್ದಳು. ಪಾತ್ರೆ ತೊಳೆಯುತ್ತಿದ್ದ ಅಮ್ಮನ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು, ಪಾಠ ಒಪ್ಪಿಸಿಕೊಂಡು, ಮೂರನೇ ಸಲ ಪಾಸು ಮಾಡಿಸಿದವಳು ಲಾಯರಮ್ಮನೇ. ಪಾಸಾದ ದಿನ ಅಮ್ಮ ಸೋಪಿನ ಕೈಯಲ್ಲೇ ಅವಳನ್ನು ಎತ್ತಿ ಕುಣಿದದ್ದು ಅವಳಿಗೆ ಮರೆತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಾಲು ಸೀದುಹೋದ ವಾಸನೆ ಮೆಟ್ಟಿಲು ಹತ್ತಿ ಪರದೇಶಕ್ಕೆ ಬಂತು. ಏನದು ಸೀದದ್ದು ಎಂದು ನರ್ಸಮ್ಮ ಫೋನಿನಲ್ಲಿ ಕೇಳಿದಳು. ಗಂಡ ಪುಸ್ತಕಕ್ಕೆ ಬೈಂಡ್ ಹಾಕುವವನು, ಸುಳ್ಳು ಹೇಳಿ ರೂಢಿಯಿಲ್ಲ. ಬರೀ ಕೆಮ್ಮಿದ. ಫೋನು ಲಾಯರಮ್ಮನ ಕೈಗೆ ಹೋಯಿತು.

"ಅಮ್ಮಾ, ಅಲ್ಲಿಗೆ ವಾಸನೆ ಬರಲ್ಲ."

"ಬಂತಲ್ಲೇ."

"ಬರಲ್ಲ. ನಿಯಮ ಮಾಡಿದ್ದು ನೀನೇ."

ಮಂಗಳವಾರ ಹಾಲು ಸೀಯಲಿಲ್ಲ. ಬುಧವಾರ ಕಿಟಕಿಯಿಂದ ನೋಡಿದರೆ ಮಗಳು ಶಾಲೆಗೆ ಹೊರಟಿದ್ದಳು, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಬಳಿ. ಅಪ್ಪ ಏನೋ ಅಂದ, ಇಬ್ಬರೂ ನಕ್ಕರು. ಅವರು ಗೆಲ್ಲಲಿ ಅಂತಲೇ ನರ್ಸಮ್ಮ ಮೇಲೆ ಹತ್ತಿದ್ದು. ಈಗ ಗೆಲ್ಲುತ್ತಿರುವುದನ್ನು ನೋಡಿದರೆ, ಒಂದೇ ಒಂದು ಸಲ ಬಾ ಅನ್ನಬಾರದೇ ಇವರು ಅನ್ನಿಸಿತು. ಸಂಜೆ ಫೋನಿನಲ್ಲಿ ಮಾತ್ರ, ಇಲ್ಲಿ ಹವೆ ಚೆನ್ನಾಗಿದೆ ಅಂದಳು.

ಗುರುವಾರ ಸಂಜೆ ಕೆಳಗೆ ಯಾರೋ ದಢಾರನೆ ಬಿದ್ದ ಸದ್ದು, ಜೊತೆಗೇ ಗಾಜು ಒಡೆದ ಸದ್ದು. ಆಮೇಲೆ ಏನೂ ಇಲ್ಲ. ಬಿದ್ದ ಮಗು ಅತ್ತರೆ ನಿಧಾನವಾಗಿ ಹೋಗಬಹುದು, ಅಳದಿದ್ದರೆ ಓಡಬೇಕು. ಇದು ನರ್ಸಮ್ಮನ ಕಾಲಿಗೇ ಗೊತ್ತಿದ್ದ ವಿಷಯ. ಫೋನು ಹಾಸಿಗೆಯ ಮೇಲೇ ಬಿಟ್ಟು, ಬರಿಗಾಲಲ್ಲಿ ಓಡಿ ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು.

ಲಾಯರಮ್ಮ ನೆಲದ ಮೇಲೆ ಕೂತಿದ್ದಳು. ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಕೂಗು ಹೊರಗೆ ಬರದಂತೆ ತನ್ನ ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಪ್ಪ ಪುಸ್ತಕಕ್ಕೆ ರಟ್ಟು ಹಾಕುವ ಹಾಗೆ ಮೂಲೆ ಮಡಿಸಿ ಮಡಿಸಿ ಮಂಡಿಗೆ ಬಟ್ಟೆ ಸುತ್ತತೊಡಗಿದ್ದ. ಗಾಜಿನ ಚೂರು ಗುಡಿಸಲು ಬಂದ ಅತ್ತೆ ಸೊಸೆಯನ್ನು ಮೊದಲು ಕಂಡರು. ವಿಮಾನಕ್ಕೂ ಇಷ್ಟು ಬಿರುಸಿಲ್ಲ ಅಂದುಕೊಂಡು ಪೊರಕೆ ಬದಿಗಿಟ್ಟರು.

"ಬಿಡಿ, ಹಾಗಲ್ಲ ಕಟ್ಟೋದು. ನಾನು ಕಟ್ತೀನಿ," ಅಂದಳು ನರ್ಸಮ್ಮ.

ಗಂಡ ಕೈ ತೆಗೆದ. ಮಗಳು ಆ ಕೈಯನ್ನು ಹಿಡಿದೆಳೆದು ಮತ್ತೆ ಮಂಡಿಯ ಮೇಲಿಟ್ಟುಕೊಂಡಳು. ತುಂಬಿದ ಕಣ್ಣಿನಿಂದ ಅಮ್ಮನನ್ನು ಒಂದು ಸಲ ನೋಡಿ, ಅಲ್ಲಿ ಯಾರೂ ನಿಂತೇ ಇಲ್ಲವೆಂಬಂತೆ ಮುಖ ತಿರುಗಿಸಿದಳು.

"ಅಪ್ಪಾ, ನಾನು ಕರೆದಿಲ್ಲ. ನೀನೂ ಕರೆದಿಲ್ಲ. ಅಮ್ಮನಿಗೆ ಫೋನ್ ಮಾಡು, ಏನೂ ಆಗಿಲ್ಲ ಅಂತ ನಾನೇ ಹೇಳ್ತೀನಿ."

ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಫೋನು ತೆಗೆದು ನಂಬರ್ ಒತ್ತಿದ. ಮಹಡಿಯ ಮೇಲೆ ರಿಂಗಾಗತೊಡಗಿತು. ನಾಲ್ವರೂ ಕೇಳಿಸಿಕೊಳ್ಳುತ್ತಾ ಇದ್ದರು.

"ಎತ್ತುತ್ತಾ ಇಲ್ಲ," ಅಂದ.

"ಇರು, ಎತ್ತುತ್ತಾಳೆ," ಅಂದಳು ಮಗಳು. "ದೂರ ಅಲ್ವಾ."

ನರ್ಸಮ್ಮ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು.